ಹೂ ಬಿಡಲಿಲ್ಲವೆಂದು ಯೂರಿಯಾ ಸುರಿಯಬೇಡಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ನವರಾತ್ರಿ ಕಳೆಯಿತೆಂದರೆ ಪುಣೆಯ ಸೊಸೈಟಿಗಳಲ್ಲಿ ಜೇನು, ಚಿಟ್ಟೆಗಳಿಗೆಂದು ಹೂಗಿಡ ಹಾಕುವ ಉತ್ಸಾಹ ಶುರು. ಹಳದಿ ದಳ, ನಡುವೆ ಕಂದು ಗುಬುಟಿನ ಹೂ ಬಿಡುವ ಬ್ಲ್ಯಾಕ್ ಐಡ್ ಸೂಸನ್ ಹಾಕುವವರಿಗೆ ಮೊದಲೇ ಒಂದು ಮಾತು: ಡಿಸೆಂಬರಿನಲ್ಲಿ ಅದು ನೆಲಕ್ಕಂಟಿದ ಎಲೆಗಳ ಗುಚ್ಛವಾಗಿಯೇ ಕೂತಿದ್ದರೆ ಗಾಬರಿ ಬೇಡ. ಉತ್ತರ ಅಮೆರಿಕದ ಈ ಗಿಡಕ್ಕೆ ಮೊಗ್ಗು ಕಟ್ಟಲು ಉದ್ದದ ಹಗಲು ಬೇಕು. ಇಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ. 13 ಗಂಟೆ ದಾಟುವುದು ಬೇಸಿಗೆಯಲ್ಲಿ. ಗೊಬ್ಬರ ಸಾಲದೆಂದು ಯೂರಿಯಾ ಹಾಕಿದರೆ ಎಲೆ ಸೊಕ್ಕುತ್ತದೆ, ಬೂದಿರೋಗ ಬರುತ್ತದೆ, ಹೂ ಮಾತ್ರ ಬರುವುದಿಲ್ಲ. ನೆಡುವಾಗ ಎರಡು ಹಿಡಿ ಎರೆಗೊಬ್ಬರ ಹಾಕಿದರೆ ಸಾಕು.

ನರ್ಸರಿಯಲ್ಲಿ ಅದರ ಸಸ್ಯಶಾಸ್ತ್ರೀಯ ಹೆಸರು ಹಿಡಿದು 'ರುಡ್‌ಬೆಕಿಯಾ ಹಿರ್ಟಾ' ಎಂದೇ ಕೇಳಿ. ಬರೀ ಸೂಸನ್ ಎಂದರೆ ಥನ್‌ಬರ್ಜಿಯಾ ಎಂಬ ಬಳ್ಳಿ ಕೈಗೆ ಬಂದೀತು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬೀಜ ಬಲು ಸಣ್ಣದು, ಮೊಳೆಯಲು ಬೆಳಕು ಬೇಕು. ಚಿಟಿಕೆ ಮರಳಿನಲ್ಲಿ ಬೆರೆಸಿ, ತೇವದ ಕೊಕೊಪೀಟಿನ (ತೆಂಗಿನ ನಾರಿನ ಪುಡಿ) ಮೇಲೆ ಉದುರಿಸಿ, ಅಂಗೈಯಿಂದ ಒತ್ತಿಬಿಡಿ. ಮೇಲೆ ಮಣ್ಣು ಮುಚ್ಚಬೇಡಿ. ಒಂದೆರಡು ವಾರದಲ್ಲಿ ಮೊಳಕೆ. ನಾಲ್ಕೈದು ಎಲೆ ಬಂದ ಮೇಲೆ 30ರಿಂದ 45 ಸೆಂ.ಮೀ. ಅಂತರದಲ್ಲಿ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವಲ್ಲಿ ನೆಡಿ. ಟೆರೇಸಿನಲ್ಲಾದರೆ 12 ಇಂಚಿನ ಕುಂಡಕ್ಕೆ ಒಂದೇ ಗಿಡ.

ಇಲ್ಲಿನ ಎರೆಮಣ್ಣು ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ. ಮೂರನೇ ಒಂದು ಪಾಲು ದಪ್ಪ ಮರಳು ಬೆರೆಸಿ, ಪಾತಿಯನ್ನು ಗೇಣುದ್ದ ಎತ್ತರಿಸಿ. ಎಲೆಗಳ ನಡುವಿನ ಸುಳಿ ಮಣ್ಣಿನಲ್ಲಿ ಹೂಳಬಾರದು. ಎಲೆಯ ಒರಟು ರೋಮದಲ್ಲಿ ನೀರು ನಿಂತರೆ ಕಪ್ಪು ಚುಕ್ಕೆ ಏಳುತ್ತದೆ. ಆದ್ದರಿಂದ ಪೈಪಿನಲ್ಲಿ ಮೇಲಿಂದ ಚಿಮುಕಿಸದೆ ಬೆಳಿಗ್ಗೆ ಬುಡಕ್ಕೆ ಎರೆಯಿರಿ. ಚುಕ್ಕೆ ಬಿದ್ದ ಕೆಳಗಿನ ಎಲೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗಲ್ಲ.

ಹೂ ಅರಳಿದಾಗ ನಡುವಿನ ಕಂದು ಗುಬುಟನ್ನು ಹತ್ತಿರದಿಂದ ನೋಡಿ. ಅದು ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಅರಳುತ್ತ ಹೋಗುತ್ತದೆ. ಪರಾಗದ ಹಳದಿ ಉಂಗುರ ದಿನದಿನಕ್ಕೆ ಮೇಲೇರುತ್ತದೆ. ಕೋಲುಜೇನು, ತುಡುವೆಗಳಿಗೆ ಊಟ ಅಲ್ಲೇ. ಸುತ್ತಲಿನ ದಳ ಬರೀ ಕರೆಯೋಲೆ. ದಳಗಳನ್ನೇ ತುಂಬಿಸಿದ ಡಬಲ್ ತಳಿ ಕಣ್ಣಿಗೆ ಚೆಂದ, ಜೇನಿಗೆ ಅಷ್ಟು ಉಪಯೋಗವಿಲ್ಲ. ಕೀಟನಾಶಕವಂತೂ ಬೇಡವೇ ಬೇಡ. ಗಿಡಹೇನು ಬಿದ್ದರೆ ನೀರಿನಿಂದ ತೊಳೆಯಿರಿ.

ಚಿಟ್ಟೆ ಇಲ್ಲಿ ಮಕರಂದ ಹೀರಿ ಹೋಗುತ್ತದೆ, ಮೊಟ್ಟೆಗೆ ಬೇರೆ ಗಿಡ ಹುಡುಕುತ್ತದೆ. ಪಕ್ಕದಲ್ಲಿ ಕರಿಬೇವು, ನಿಂಬೆ, ಎಕ್ಕ ಇರಲಿ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳವನ್ನು ಕೊಲ್ಲುವವರು ಚಿಟ್ಟೆ ಬರಲಿಲ್ಲವೆಂದು ದೂರುವುದೇಕೋ!

ಬಾಡಿದ ಹೂ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತದೆ. ಬೀಜಕ್ಕೆ ಬಿಟ್ಟ ಒಂದೆರಡು ಹೂವನ್ನು ಜೂನ್ ಮಳೆಗೆ ಮುಂಚೆಯೇ ಕಿತ್ತು ಒಣಗಿಸಿಟ್ಟುಕೊಳ್ಳಿ.

— ಕೈತೋಟದ ಕನ್ನಡಿಗರು, ಪುಣೆ