ಗುಟ್ಟು ಯಾರ ಸಲುವಾಗಿ?

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಫ್ರೀಮೇಸನ್ನರ ಬಗ್ಗೆ, ಅಂದರೆ ಗುಟ್ಟಾಗಿ ದೀಕ್ಷೆ ಕೊಟ್ಟು ಸದಸ್ಯರನ್ನು ಸೇರಿಸಿಕೊಳ್ಳುವ ಹಳೆಯ ಸೋದರ ಸಂಘದವರ ಬಗ್ಗೆ ಬರೆದಿದ್ದರು. ತಪ್ಪು ಮಾಡದವರಿಗೆ ಬಾಗಿಲು ಹಾಕಿಕೊಳ್ಳುವ ಗರಜು ಏನು ಅನ್ನುವುದು ಅವರ ಪ್ರಶ್ನೆ. 22 ವರ್ಷದಿಂದ ಆ ಬಾಗಿಲ ಒಳಗೆ ಕೂರುತ್ತಾ ಬಂದವನು ನಾನು. ಅದಕ್ಕೇ ಈ ಪತ್ರ. (ನಾವು ಸೇರುವ ಕೂಟಕ್ಕೆ ಲಾಡ್ಜ್ ಅನ್ನುತ್ತಾರೆ. ಮೊದಲ ಸಲ 'ಸಂಜೆ ಲಾಡ್ಜ್‌ಗೆ ಹೋಗಿ ಬರ್ತೀನಿ' ಅಂದಾಗ ಮನೆಯವಳು ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವುದು ಬೇಡ.)

ಮೊದಲನೆಯದಾಗಿ, ನಮ್ಮ ಗುಟ್ಟು ಗುಟ್ಟಾಗಿ ಉಳಿದೇ ಇಲ್ಲ. 1730ರಲ್ಲೇ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಪ್ರಿಚರ್ಡ್ ಅನ್ನುವವನು ದೀಕ್ಷೆಯ ಪ್ರಶ್ನೋತ್ತರಗಳನ್ನೆಲ್ಲ ಅಚ್ಚು ಹಾಕಿಸಿ ಮಾರಿದ. ಚೆನ್ನಾಗಿ ಖರ್ಚಾಯಿತು, ಮತ್ತೆ ಮತ್ತೆ ಅಚ್ಚಾಯಿತು. ಅದರಿಂದ ಲಾಡ್ಜ್‌ಗಳೇನೂ ಮುಚ್ಚಲಿಲ್ಲ. ಕಣ್ಣಿಗೆ ಬಟ್ಟೆ, ಕೊರಳಿಗೆ ಹಗ್ಗದ ಕುಣಿಕೆ, ಮಂಡಿಯವರೆಗೆ ಮಡಚಿದ ಎಡ ಪ್ಯಾಂಟಿನ ಕಾಲು, ಇದೆಲ್ಲ ಯಾವ ಲೈಬ್ರರಿಯಲ್ಲಾದರೂ ಓದಲು ಸಿಗುತ್ತದೆ. ಇದನ್ನು ಬರೆದು ನಾನೇನೂ ಪ್ರಮಾಣ ಮುರಿಯುತ್ತಿಲ್ಲ. ಒಬ್ಬರನ್ನೊಬ್ಬರು ಗುರುತಿಸುವ ಮಾತು, ಸನ್ನೆ, ಕೈ ಹಿಡಿಯುವ ರೀತಿ, ಇಷ್ಟನ್ನು ಮಾತ್ರ ನಾವು ಹೊರಗೆ ಹೇಳುವಂತಿಲ್ಲ. ಮೇಸನ್ ಅಂದರೆ ಕಲ್ಲುಕುಟಿಗ. ಹಳೆಯ ಕಾಲದಲ್ಲಿ ಸ್ಕಾಟ್ಲೆಂಡಿನ ಕಲ್ಲುಕುಟಿಗರಿಗೆ ಇಂಥದೊಂದು ಗುಟ್ಟಿನ ಮಾತಿತ್ತು. ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಾಗ ತಾನು ಕಲಿತ ಕೆಲಸಗಾರ ಅಂತ ತೋರಿಸಲು ಅದೇ ಗುರುತಿನ ಚೀಟಿ. 1696ರ ಒಂದು ಎಡಿನ್‌ಬರೋ ಹಸ್ತಪ್ರತಿಯಲ್ಲಿ ಅದನ್ನು ಕೊಡುವ ಕ್ರಮವೇ ಬರೆದಿದೆ.

ಹಾಗಾದರೆ ಈಗಲೂ ಯಾಕೆ ಮುಚ್ಚಿಡಬೇಕು? ಇದಕ್ಕೆ ನನ್ನ ಪೆದ್ದುತನವನ್ನೇ ಹೇಳುತ್ತೇನೆ.

ಸೇರುವ ಮುಂಚೆ ನಾನು ಕದ್ದು ಓದಿದ್ದೆ. ಇಡೀ ದೀಕ್ಷೆಯ ಪುಸ್ತಕ, ಎರಡು ಸಲ. ಆ ರಾತ್ರಿ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದಾಗ ನನ್ನ ತಲೆಯಲ್ಲಿ ಪುಟಗಳು ತಿರುಗುತ್ತಿದ್ದವು. ಈಗ ಮೂರು ಸಲ ಬಾಗಿಲು ಬಡಿಯುತ್ತಾರೆ, ಈಗ ಎದೆಗೆ ಚೂಪಾದ್ದೇನೋ ತಾಗುತ್ತದೆ, ಈಗ ಮಂಡಿಯೂರಬೇಕು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಹುಡುಗನ ಹಾಗೆ ಪಟಪಟ ಉತ್ತರ ಹೇಳಿ ಹೊರಗೆ ಬಂದೆ. ಏನೂ ಅನ್ನಿಸಲಿಲ್ಲ. ಇಷ್ಟೇನಾ ಅಂದುಕೊಂಡೆ.

ಎರಡು ತಿಂಗಳ ಮೇಲೆ ಇನ್ನೊಬ್ಬರ ದೀಕ್ಷೆ. ಐವತ್ತು ದಾಟಿದವರು. ಏನೂ ಓದದೆ ಬಂದಿದ್ದರು. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಕಣ್ಣ ಬಟ್ಟೆ ಬಿಚ್ಚಿದ ಮೇಲೆ ಒಂದು ಹಂತದಲ್ಲಿ ಹೊಸಬರನ್ನು ಒಂದು ವಿಷಯ ಕೇಳುತ್ತಾರೆ. ಏನು ಅಂತ ಹೇಳುವುದಿಲ್ಲ. ಹುಡುಕಿದರೆ ನಿಮಗೂ ಸಿಗುತ್ತದೆ, ಆದರೆ ಮುಂದೊಂದು ದಿನ ನೀವೇ ಅಲ್ಲಿ ನಿಲ್ಲುವುದಾದರೆ ಅದನ್ನು ನಿಮ್ಮಿಂದ ಕಿತ್ತುಕೊಂಡವನು ನಾನಾಗಬಾರದು. ಕೇಳಿದ ತಕ್ಷಣ ಅವರ ಬಲಗೈ ತಾನಾಗಿ ಒಂದು ಕಡೆ ಹೋಯಿತು. ಅಲ್ಲೇ ನಿಂತಿತು. ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಆಮೇಲೆ ಅದರ ಅರ್ಥ ಬಿಡಿಸಿ ಹೇಳಿದಾಗ ಕಣ್ಣು ಒರೆಸಿಕೊಂಡರು. ಅದೇ ಪ್ರಶ್ನೆಗೆ ನಾನು ನಗುತ್ತಾ ಉತ್ತರ ಕೊಟ್ಟಿದ್ದೆ. ನನಗೆ ಅದು ಇನ್ನೊಂದು ಸಲ ಸಿಗುವುದಿಲ್ಲ, ಅಲ್ವಾ?

ಆಮೇಲೆ ಮೂರು ವರ್ಷ ಹೊಸಬರ ಕೈ ಹಿಡಿದು ನಡೆಸುವ ಕೆಲಸ ನನಗೆ ಬಂತು. ಡೀಕನ್ ಅನ್ನುತ್ತಾರೆ. ಕಣ್ಣು ಕಟ್ಟಿದ ಮನುಷ್ಯನ ಅಂಗೈ ಹೇಗೆ ಬೆವರುತ್ತದೆ ಅನ್ನುವುದು ನನಗೆ ಗೊತ್ತು. ತಿರುವು ಬಂದಾಗ ಬೆರಳುಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹೆದರಬೇಡಿ ಅಂತ ಕಿವಿಯಲ್ಲಿ ಹೇಳುತ್ತಿದ್ದೆ. ಅದು ಪುಸ್ತಕದಲ್ಲಿಲ್ಲ, ನಾನೇ ಸೇರಿಸಿಕೊಂಡಿದ್ದು.

ಇನ್ನೊಂದು ವಿಷಯ ನಿಮ್ಮ ಓದುಗರಿಗೆ ಗೊತ್ತಿರಲಾರದು. ಪ್ರಮಾಣ ಮಾಡಿಸುವ ಮೊದಲೇ, ಇದರಲ್ಲಿ ನಿಮ್ಮ ಧರ್ಮಕ್ಕಾಗಲಿ, ನೀತಿಗಾಗಲಿ, ದೇಶದ ಕಾನೂನಿಗಾಗಲಿ ವಿರುದ್ಧವಾದದ್ದು ಏನೂ ಇಲ್ಲ ಅಂತ ಹೇಳಿ, ನಿಮಗೆ ಒಪ್ಪಿಗೆಯೇ ಅಂತ ಕೇಳುತ್ತಾರೆ. ಬೇಡ ಅಂದರೆ ಎದ್ದು ಹೋಗಬಹುದು. ಮುಂದೆ ಮೂರನೆಯ ಹಂತದಲ್ಲಿ ಸೋದರ ಸದಸ್ಯನ ಗುಟ್ಟು ಕಾಯುತ್ತೇನೆ ಅನ್ನುವ ಮಾತು ಬರುತ್ತದೆ. ಅಲ್ಲೂ ಕೊಲೆ, ದೇಶದ್ರೋಹದಂಥ ಅಪರಾಧಗಳನ್ನು ಬಿಟ್ಟು ಅಂತ ಬಿಡಿಸಿ ಹೇಳಿದೆ. ಗಂಟಲು ಕೊಯ್ಯುವಂಥ ಹಳೆಯ ಶಿಕ್ಷೆಯ ಮಾತುಗಳು ಪ್ರಮಾಣದಲ್ಲಿ ಇದ್ದವು, ನಿಜ. ಅಲ್ಲಿನ ಲಾಡ್ಜ್‌ಗಳ ಮೇಲಿನ ಸಂಸ್ಥೆಯಾದ ಇಂಗ್ಲೆಂಡಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ಅವನ್ನು ಪ್ರಮಾಣದಿಂದ ತೆಗೆಯಿತು. ಒಳ್ಳೆಯದೇ ಆಯಿತು.

ನಮ್ಮವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1826ರಲ್ಲಿ ವಿಲಿಯಂ ಮಾರ್ಗನ್ ಗುಟ್ಟುಗಳನ್ನು ಪುಸ್ತಕ ಮಾಡುತ್ತೇನೆ ಅಂದ. ಕೆಲವು ಮೇಸನ್ನರು ಅವನನ್ನು ಜೈಲಿನಿಂದ ಹೊರತಂದು ಗಾಡಿಯಲ್ಲಿ ಹೊತ್ತೊಯ್ದರು. ಮತ್ತೆ ಯಾರೂ ಅವನನ್ನು ನೋಡಲಿಲ್ಲ. ಪುಸ್ತಕವಂತೂ ಬಂದೇ ಬಂತು. ಜನ ರೊಚ್ಚಿಗೆದ್ದದ್ದು ಪುಸ್ತಕಕ್ಕಲ್ಲ. ಹೊತ್ತೊಯ್ದ ಮೇಸನ್ನರಿಗೆ ತೀರಾ ಸಣ್ಣ ಶಿಕ್ಷೆ ಆದದ್ದಕ್ಕೆ. ಮೇಸನ್ನರ ವಿರುದ್ಧವೇ ಒಂದು ಪಕ್ಷ ಹುಟ್ಟಿ, 1832ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನೇ ಗೆದ್ದಿತು. ಇಟಲಿಯ ಪಿ2 ಲಾಡ್ಜ್ ಕಥೆ ಇನ್ನೂ ಕೆಟ್ಟದ್ದು. 1981ರಲ್ಲಿ ಅದರ ಮುಖ್ಯಸ್ಥ ಲಿಚೊ ಜೆಲ್ಲಿಗೆ ಸೇರಿದ ಜಾಗಗಳನ್ನು ಪೊಲೀಸರು ತಡಕಾಡಿದಾಗ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸೇನೆಯ ದೊಡ್ಡ ಅಧಿಕಾರಿಗಳು, ಬೇಹುಗಾರಿಕೆ ಇಲಾಖೆಯವರು. ಸರ್ಕಾರವೇ ಬಿತ್ತು. ಅಲ್ಲಿ ಮುಚ್ಚಿಟ್ಟದ್ದು ದೀಕ್ಷೆಯನ್ನಲ್ಲ, ಯಾರ್‍ಯಾರು ಸೇರಿದ್ದಾರೆ ಅನ್ನುವುದನ್ನು. ಬ್ರಿಟನ್ನಿನ ಪಾರ್ಲಿಮೆಂಟ್ 1799ರಲ್ಲೇ ಈ ವ್ಯತ್ಯಾಸ ಹಿಡಿದಿತ್ತು. ಲಾಡ್ಜ್ ನಡೆಸಿಕೊಳ್ಳಿ, ಆದರೆ ಸದಸ್ಯರ ಪಟ್ಟಿ ಕೊಡಿ ಅಂದಿತು.

ಇಷ್ಟೆಲ್ಲ ಬರೆದರೂ, ನಿಮ್ಮ ಓದುಗರ ಪ್ರಶ್ನೆ ನನ್ನನ್ನು ಚುಚ್ಚಿದ್ದು ಲಾಡ್ಜ್‌ನ ಕಾರಣಕ್ಕಲ್ಲ.

ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನಲ್ಲಿ ನಮ್ಮದೊಂದು ಗುಂಪಿತ್ತು. ಸೇರಬೇಕಾದರೆ ಒಂದು ರಾತ್ರಿ. ಒದ್ದೆ ಬಟ್ಟೆಯಲ್ಲಿ ಬೆಳಗಿನವರೆಗೆ ನಿಲ್ಲಿಸಿದರು, ಬೈದರು, ಇನ್ನೂ ಏನೇನೋ. ಬೆಳಿಗ್ಗೆ ಎಲ್ಲರೂ ತಬ್ಬಿಕೊಂಡರು. ಹೊರಗೆ ಬಾಯಿ ಬಿಡಬೇಡ ಅಂದರು. ನಾನು ಜೀವನದ ಅತ್ಯಂತ ಒಳ್ಳೆಯ ರಾತ್ರಿ ಅಂತ ಹೇಳಿಕೊಂಡು ತಿರುಗಿದೆ! 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. ಒಂದು ಚರ್ಚೆಯ ಗುಂಪಿಗೆ ಸೇರಲು ಜಾಸ್ತಿ ಮುಜುಗರ ಪಟ್ಟ ಹುಡುಗಿಯರೇ ಆ ಗುಂಪಿನ ಬೋರು ಹೊಡೆಸುವ ಚರ್ಚೆಯನ್ನು ಹೆಚ್ಚು ಮೆಚ್ಚಿಕೊಂಡರು. ಅದನ್ನು ಓದಿದಾಗ ನನಗೆ ನನ್ನ ಒದ್ದೆ ಬಟ್ಟೆಯೇ ನೆನಪಾಯಿತು.

ಮುಂದಿನ ವರ್ಷ ನಿಲ್ಲಿಸುವ ಸರದಿ ನನ್ನದು. ಕಣ್ಣು ಕಟ್ಟಿದ ಒಬ್ಬ ಹುಡುಗನನ್ನು ಓಡು ಅಂದೆವು. ಅವನ ಕೈ ಯಾರೂ ಹಿಡಿದಿರಲಿಲ್ಲ. ಬಿದ್ದ. ಹಿಮ್ಮಡಿಯ ಮೇಲಿನ ಮೂಳೆ ಮುರಿಯಿತು. ಡಾಕ್ಟರ ಹತ್ತಿರ ಕರೆದೊಯ್ಯುವಾಗ ದಾರಿಯಲ್ಲಿ ನಾನೇ ಅವನಿಗೆ ಹೇಳಿಕೊಟ್ಟೆ: ಮೆಟ್ಟಿಲು ಜಾರಿತು ಅನ್ನು. ಅವನು ಹಾಗೇ ಹೇಳಿದ. ಅಪ್ಪ ಅಮ್ಮನಿಗೂ ಹಾಗೇ ಹೇಳಿದ. ಒಳ್ಳೆಯ ಹುಡುಗ ಅಂತ ನಾವೆಲ್ಲ ಹೊಗಳಿದೆವು.

ಲಾಡ್ಜ್‌ನಲ್ಲಿ ಐವತ್ತು ದಾಟಿದ ಆ ಹಿರಿಯರಿಗೆ ಹೇಳದೆ ಇಟ್ಟಿದ್ದು ಅವರಿಗಾಗಿ. ಈ ಹುಡುಗ ಬಾಯಿ ಮುಚ್ಚಿದ್ದು ನಮಗಾಗಿ. ಎರಡನ್ನೂ ಗುಟ್ಟು ಅಂತ ಒಂದೇ ಮಾತಿನಲ್ಲಿ ಕರೆಯುತ್ತೇವಲ್ಲ, ಗೋಜಲು ಅಲ್ಲೇ ಶುರುವಾಗುವುದು ಅನ್ನಿಸುತ್ತದೆ.

ಹೋದ ವರ್ಷ ಒಂದು ಮದುವೆಯಲ್ಲಿ ಅವನು ಸಿಕ್ಕಿದ್ದ. ತಲೆ ನೆರೆತಿದೆ. ಕಾಲು ಸ್ವಲ್ಪ ಎಳೆಯುತ್ತಾನೆ. ಹೆಂಡತಿ ಪಕ್ಕದಲ್ಲೇ ಇದ್ದರು. ಕಾಲು ಈಗ ಹೇಗಿದೆ ಅಂತ ಕೇಳಿದೆ. ನನ್ನ ಮುಖ ನೋಡಿ ನಕ್ಕ. 'ಅದಾ, ಮೆಟ್ಟಿಲು ಜಾರಿದ್ದು ಅಲ್ವಾ' ಅಂದ.

ಇತಿ,
ನಿಮ್ಮ ಹಳೆಯ ಓದುಗ