222ರ ಹಿಂದಿರುವವನು

ಪ್ರೀತಿಯ ತಮ್ಮಾ,

ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದ ಕೋಚ್ ಜಾನ್ ಹೈಸ್ಮನ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಮೊದಲ ಸಾಲಿನಲ್ಲೇ 222-0. ಸುಳ್ಳೇನಲ್ಲ, 1916ರ ಅಕ್ಟೋಬರ್ 7ರಂದು ಅಟ್ಲಾಂಟಾದಲ್ಲಿ ಅವನ ಜಾರ್ಜಿಯಾ ಟೆಕ್ ಕಾಲೇಜು ತಂಡ ಕಂಬರ್ಲೆಂಡ್ ಕಾಲೇಜಿನ ತಂಡವನ್ನು ಹಾಗೆಯೇ ಅರೆದುಹಾಕಿತು. ಆದರೆ ಆ ಅಂಕಿ ಜಾತ್ರೆಯ ತಮಟೆ. ಅದು ಬಡಿಯುವಷ್ಟು ಹೊತ್ತು ಬೇರೇನೂ ಕೇಳಿಸುವುದಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಶತಕಗಳ ಲೆಕ್ಕ ಬರೆದು ಬ್ಯಾಟ್ಸ್‌ಮನ್‌ನನ್ನೇ ಮರೆತವನು.

1895ಕ್ಕೆ ಹೋಗು. ಅದೇ ಊರು, ನಾರ್ತ್ ಕೆರೊಲಿನಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ನಡುವಿನ ಪಂದ್ಯ, ಹೈಸ್ಮನ್ ನೋಡುತ್ತಿದ್ದ. ಚೆಂಡನ್ನು ಒದೆಯಬೇಕಿದ್ದ ಹುಡುಗ, ಎದುರಾಳಿಗಳು ಮೈಮೇಲೆ ನುಗ್ಗಿದಾಗ ದಿಕ್ಕು ತೋಚದೆ ಮುಂದಕ್ಕೆ ಎಸೆದುಬಿಟ್ಟ. ಜೊತೆಗಾರ ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟುವವರೆಗೂ ಓಡಿ ಅಂಕ, ಅಂದರೆ ಟಚ್‌ಡೌನ್, ಗಳಿಸಿದ. ಹಾಗೆ ಎಸೆಯುವುದು ಆಗ ನಿಯಮಬಾಹಿರ. ಜಾರ್ಜಿಯಾದ ಕೋಚ್ ತಕರಾರು ತೆಗೆದರೂ, ಎಸೆದದ್ದನ್ನು ತಾನು ಕಾಣಲಿಲ್ಲವೆಂದ ರೆಫರಿ! ಗುಂಪುಗಟ್ಟಿ ಗುದ್ದಾಡಿ ಮೂಳೆ ಮುರಿದುಕೊಳ್ಳುತ್ತಿದ್ದ ಆ ಆಟಕ್ಕೆ ಇದೇ ಮದ್ದು ಎಂದು ಹೈಸ್ಮನ್‌ಗೆ ಹೊಳೆಯಿತು. ನಿಯಮ ರೂಪಿಸುತ್ತಿದ್ದ ವಾಲ್ಟರ್ ಕ್ಯಾಂಪ್‌ಗೆ, ಮುಂದಕ್ಕೆ ಎಸೆಯಲು ಬಿಡಿ ಎಂದು ಬರೆದ. ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಅದೂ ಮೈದಾನದ ಸಾವುಗಳ ಗದ್ದಲ ಅಧ್ಯಕ್ಷ ರೂಸ್‌ವೆಲ್ಟ್‌ವರೆಗೆ ಹೋದ ಮೇಲೆ.

ಈಗ ನಿನ್ನ 222ಕ್ಕೆ ಬಾ. ಆ ಪಂದ್ಯದಲ್ಲಿ ಟೆಕ್ ಒಂದೇ ಒಂದು ಪಾಸ್, ಅಂದರೆ ಅಂಥ ಮುಂದಿನ ಎಸೆತ, ಎಸೆಯಲಿಲ್ಲ. ವರ್ಷಗಟ್ಟಲೆ ಬೇಡಿ ಪಡೆದದ್ದು ಬೇಕಾಗಲೇ ಇಲ್ಲ. ನಿನ್ನ ಲೇಖನ ಇಲ್ಲಿದೆ, ಕಣ್ಣಿಗೆ ಬೀಳಲಿಲ್ಲವೇ?

ಮತ್ತೊಂದು. ಕಂಬರ್ಲೆಂಡ್ ಫುಟ್‌ಬಾಲನ್ನೇ ಕೈಬಿಟ್ಟಿತ್ತು. ಒಪ್ಪಂದ ಮುರಿದರೆ ತೆರಬೇಕಾದ ದಂಡಕ್ಕೆ ಹೆದರಿ ಸಿಕ್ಕವರನ್ನು ಒಟ್ಟುಗೂಡಿಸಿ ಕಳಿಸಿತು. ಅರ್ಧ ಆಟಕ್ಕೆ 126-0 ಆದರೂ ಹೈಸ್ಮನ್ ಕೈ ಸಡಿಲಿಸಲಿಲ್ಲ. ಬೇಸ್‌ಬಾಲ್‌ನಲ್ಲಿ ಅವರಿಂದ 22-0 ಸೋತಿದ್ದಕ್ಕೆ ಸೇಡು ಎನ್ನುತ್ತಾರೆ. ನೀನು ಇದನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದೀಯೆ. ಅವನ ಮೇಲೆ ಮೋಹವಿರಲಿ, ಆದರೆ ಈ ಕ್ರೌರ್ಯಕ್ಕೆ ಒಂದು ಪುಟವಾದರೂ ಕೊಡು. ಬಿಡುವಿನ ತಿಂಗಳುಗಳಲ್ಲಿ ಅವನು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದುದನ್ನೂ ಸೇರಿಸು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಅವನ ಹೆಸರಲ್ಲಿ ಕೊಡುವ ಟ್ರೋಫಿಯ ಪ್ಯಾರಾ ತೆಗೆದುಹಾಕು, ಅದು ಎಲ್ಲರಿಗೂ ಗೊತ್ತು.

ಎರಡನೆಯ ಕರಡನ್ನು ದಸರೆಯೊಳಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ. ನನ್ನ ಕನ್ನಡಕದ ನಂಬರೂ ಏರುತ್ತಿದೆ.

ನಿನ್ನ ಅಣ್ಣ