ಒಂದಕ್ಷರದ ಬೆನ್ನು ಹತ್ತು

ಪ್ರೀತಿಯ ತಂಗಿ,

ನಿನ್ನ ಕರಡನ್ನು ಎರಡು ಸಲ ಓದಿದೆ. ಇಸ್ಲಾಮಿನ ಗ್ರಂಥಗಳನ್ನು ಕನ್ನಡದ ಓದುಗರಿಗೆ ಪರಿಚಯಿಸುವ ನಿನ್ನ ಹುಮ್ಮಸ್ಸು ಕಂಡು ಖುಷಿಯಾಯಿತು. ಆದರೆ ಶಾಸ್ತ್ರಕ್ಕೊಂದು (ಅಂದರೆ ಆಚರಣೆಯ ನಿಯಮಗಳಿಗೊಂದು) ಭಾಗ, ಅಧ್ಯಾತ್ಮಕ್ಕೊಂದು, ಅರಬಿ ಭಾಷೆಗೊಂದು, ವಿಶ್ವಾಸಕ್ಕೊಂದು ಅಂತ ನಾಲ್ಕು ಪಾಲು ಮಾಡಿ ನಡುವೆ ಗೋಡೆ ಎಬ್ಬಿಸಿದ್ದೀಯ. ಆ ಗ್ರಂಥಗಳನ್ನು ಬರೆದವರು ಇಂಥ ಗೋಡೆ ಕಟ್ಟಿಕೊಂಡು ಕೂತಿರಲಿಲ್ಲ.

ವುಝೂವನ್ನೇ ತಗೋ. ನಮಾಝಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು. ಇದರಲ್ಲಿ ಬರೆಯುವಂಥದ್ದು ಏನಿದೆ ಅನ್ನಿಸಬಹುದು. ಕುರ್‌ಆನಿನ 5ನೇ ಅಧ್ಯಾಯದ 6ನೇ ವಚನ ತಲೆ ಸವರಿಕೊಳ್ಳಿ ಎನ್ನುವಾಗ 'ಬಿ ರುಊಸಿಕುಂ' (ನಿಮ್ಮ ತಲೆಗಳನ್ನು) ಎಂಬ ಮಾತು ಬಳಸುತ್ತದೆ. ಆ 'ಬಿ' ಅರಬಿಯಲ್ಲಿ ಒಂದೇ ಅಕ್ಷರ. 'ತಲೆಯ ಒಂದಿಷ್ಟು' ಎಂದು ಅದನ್ನು ಅರ್ಥ ಮಾಡಿದ ಶಾಫಿಈಗಳಿಗೆ (ಶಾಫಿಈ, ಮಾಲಿಕಿ, ಹನಫಿ ಇವು ಶಾಸ್ತ್ರದ ಬೇರೆ ಬೇರೆ ಪಂಥಗಳು) ಕೆಲವೇ ಕೂದಲಿಗೆ ನೀರು ಸೋಕಿದರೂ ಸಾಕು. ಮಾಲಿಕಿಗಳಿಗೆ ಇಡೀ ತಲೆ ಆಗಬೇಕು. ಪ್ರವಾದಿಯವರು ಮುಂದಲೆ ಸವರಿದರೆಂಬ ಹದೀಸನ್ನು (ಅವರ ನಡೆನುಡಿಯ ವರದಿಯನ್ನು) ಹಿಡಿದು ಹನಫಿಗಳು ಕಾಲುಭಾಗ ಎಂದರು. 1198ರಲ್ಲಿ ತೀರಿಕೊಂಡ ಇಬ್ನ್ ರುಶ್ದ್ ಸ್ಪೇನಿನ ಕೊರ್ಡೋಬಾದಲ್ಲಿ ಖಾಝಿ, ಅಂದರೆ ನ್ಯಾಯಾಧೀಶ, ಆಗಿದ್ದವರು. ಅವರ 'ಬಿದಾಯತುಲ್ ಮುಜ್ತಹಿದ್' ಯಾರು ಏನೆಂದರು ಎಂದು ಹೇಳಿ ಸುಮ್ಮನಾಗುವುದಿಲ್ಲ. ಮಾತು ಎಲ್ಲಿ ಕವಲೊಡೆಯಿತು ಎಂದು ಹುಡುಕುತ್ತದೆ. ಇಲ್ಲಿ ಕವಲು ಆ 'ಬಿ'ಯಲ್ಲೇ. ಈಗ ಹೇಳು, ಇದನ್ನು ಭಾಷೆಯ ಭಾಗದಲ್ಲಿಡುತ್ತೀಯೋ ಶಾಸ್ತ್ರದ ಭಾಗದಲ್ಲೋ? (ಅಂದ ಹಾಗೆ, ನಮಗೆ ಉಳಿದುಬಂದಿರುವ ಅತಿ ಹಳೆಯ ಅರಬಿ ವ್ಯಾಕರಣ ಬರೆದ ಸೀಬವೈಹಿ ಪರ್ಶಿಯನ್ ಮೂಲದವರು. ಮನೆಮಾತಲ್ಲದ ಭಾಷೆಯಲ್ಲಿ ಬರೆಯಲು ಅಳುಕಿದಾಗೆಲ್ಲ ನಾನು ಅವರನ್ನು ನೆನೆಯುತ್ತೇನೆ.)

ಹೆಸರಾಂತ ವಿದ್ವಾಂಸ ಗಝಾಲಿಯವರ ಬಗ್ಗೆ 'ಶಾಸ್ತ್ರ ತೊರೆದು ಅಧ್ಯಾತ್ಮ ಹಿಡಿದರು' ಎಂದು ಬರೆದಿದ್ದೀಯ. ಆ ಸಾಲು ಹೊಡೆದುಹಾಕು. 1095ರಲ್ಲಿ ಅವರು ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಗುರುಪೀಠ ಬಿಟ್ಟು ಹೊರಟದ್ದು ನಿಜ. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಬರೆದ 'ಅಲ್ ಮುಸ್ತಸ್ಫಾ' ಅಪ್ಪಟ ಶಾಸ್ತ್ರತತ್ವದ ಗ್ರಂಥ. 40 ಪುಸ್ತಕಗಳಿರುವ ಅವರ ಮಹಾಗ್ರಂಥ 'ಇಹ್ಯಾ'ದಲ್ಲೂ ಶುದ್ಧಿಯ ಪುಸ್ತಕ ತೆರೆದು ನೋಡು. ಮೊದಲು ಮೈಯ ಕೊಳೆ, ಆಮೇಲೆ ಕೈಕಾಲು ಕಣ್ಣು ನಾಲಿಗೆ ಮಾಡುವ ಪಾಪ, ಆಮೇಲೆ ಮನಸ್ಸಿನ ಕೆಟ್ಟ ಗುಣಗಳು; ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಅಲ್ಲಾಹನ ಹೊರತು ಬೇರೇನೂ ಒಳಗೆ ಉಳಿಯದಿರುವುದು. ಯಾವ ನೀರಿನಿಂದ ಹೇಗೆ ತೊಳೆಯಬೇಕೆಂಬ ವಿವರವೂ ಅದೇ ಪುಸ್ತಕದಲ್ಲಿದೆ.

ಇನ್ನೊಂದು. ಶರೀಅತ್, ಫಿಕ್‌ಹ್ ಎರಡಕ್ಕೂ 'ಕಾನೂನು' ಎಂದೇ ಬರೆದಿದ್ದೀಯ. ಶರೀಅತ್ ದೇವರು ತೋರಿದ ದಾರಿ. ಹಳೆಯ ಅರಬಿಯಲ್ಲಿ ಆ ಮಾತು ನೀರಿಗೆ ಇಳಿಯುವ ಹಾದಿಗೂ ಇತ್ತು. ಫಿಕ್‌ಹ್ ಎಂದರೆ ತಿಳಿವಳಿಕೆ, ಆ ದಾರಿ ಮನುಷ್ಯರಿಗೆ ಅರ್ಥವಾದ ಬಗೆ. ಅದಕ್ಕೇ ಇಮಾಮರು, ಅಂದರೆ ಆ ಪಂಥಗಳ ಮೂಲ ಗುರುಗಳು, ಭಿನ್ನಮತಕ್ಕೆ ಅಂಜಲಿಲ್ಲ. ನಾನು ನಿನ್ನ ವಯಸ್ಸಿನಲ್ಲಿ 'ಇಸ್ಲಾಂ ಹೀಗೆ ಹೇಳುತ್ತದೆ' ಎಂದು ಜೋರಾಗಿ ಬರೆದು ಅಚ್ಚು ಹಾಕಿಸಿದ್ದೆ. ಹಿರಿಯ ಓದುಗರೊಬ್ಬರು ಒಂದೇ ಸಾಲಿನ ಕಾಗದ ಹಾಕಿದರು: 'ಯಾವ ಇಮಾಮರ ಮಾತು?' ಉತ್ತರ ಹುಡುಕಲು ಕೂತಾಗಲೇ ಗೊತ್ತಾಗಿದ್ದು, ನಾನು ಓದಿದ್ದು ಒಂದೇ ಪುಸ್ತಕ ಎಂದು. ಈಗಲೂ ಆ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಪಾರಿಭಾಷಿಕ ಪದಗಳನ್ನು ಎಲ್ಲ ಕಡೆ ಕನ್ನಡಕ್ಕೆ ಎಳೆಯಬೇಡ. ಒಂದು ಸಲ ಬಿಡಿಸಿ ಹೇಳಿ ವುಝೂ, ಈಮಾನ್ (ವಿಶ್ವಾಸ), ಇಹ್ಸಾನ್ (ದೇವರನ್ನು ಕಾಣುತ್ತಿರುವಂತೆ ಆರಾಧಿಸುವುದು) ಎಂದೇ ಬಿಡು. ಓದುಗರು ನೀನಂದುಕೊಂಡಷ್ಟು ಸೋಮಾರಿಗಳಲ್ಲ.

ಸದ್ಯ ಉಳಿದದ್ದೆಲ್ಲ ಬದಿಗಿಟ್ಟು ವುಝೂವಿನ ನಾಲ್ಕು ಪುಟ ಬರೆದು ಕಳಿಸು. ಆಮೇಲೆ ಕೂತು ಮಾತಾಡೋಣ.

ನಿನ್ನ ಅಣ್ಣ